ಮುಚ್ಚಳ ಮೇಸ್ತ್ರಿಯ ಹದಿನೇಳು ದೀಪ

ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ ಮುಚ್ಚಳ ಮೇಸ್ತ್ರಿ ಏಣಿಯ ಮೇಲೆ ನಿಂತು, ಹಳೆಯ ಸುಂಕದ ಮನೆಯ ಮುಂಬಾಗಿಲ ನೆತ್ತಿಯಲ್ಲಿದ್ದ ಹದಿನೇಳನೆಯ ದೀಪಕ್ಕೆ ತಗಡಿನ ಮುಚ್ಚಳ ಬಿಗಿಯುತ್ತಿದ್ದರು. ಬಾಯಲ್ಲಿ ಎರಡು ಸ್ಕ್ರೂ ಇದ್ದುದರಿಂದ ಕೆಳಗಿನವರು ಏನು ಕೇಳಿದರೂ "ಹ್ಞೂಂ" ಒಂದೇ ಉತ್ತರ.

ನಗರದ ದೀಪಗಳನ್ನು ನೋಡಿಕೊಳ್ಳುವ ಕಚೇರಿಯಲ್ಲಿ ಅವರು ಇಪ್ಪತ್ತೊಂಬತ್ತು ವರ್ಷದಿಂದ ಎಲೆಕ್ಟ್ರಿಷಿಯನ್. ಬೆಳಕು ಮೇಲಕ್ಕೆ ಸೋರುವುದೆಂದರೆ ಅವರಿಗೆ ನಲ್ಲಿ ಸೋರಿದ ಹಾಗೆ, ನೋಡಿಕೊಂಡು ಸುಮ್ಮನಿರಲಾಗದು. ಎಣ್ಣೆ ಡಬ್ಬಿ ಕತ್ತರಿಸಿ ಒಂದು ಮುಚ್ಚಳ ಮಾಡಿ ಹಾಕಿಬಿಡುತ್ತಿದ್ದರು. ಹೆಸರು ಬಂದದ್ದು ಹಾಗೆ. ಅವರ ಬೋಳುತಲೆಗೆ ಮಾತ್ರ ಮುಚ್ಚಳ ಸಿಕ್ಕಿಲ್ಲ ಎಂದು ಅಕ್ಕ ನಗುತ್ತಿದ್ದರು.

ಈ ಗೀಳು ಹತ್ತಿಸಿದ್ದೂ ಅಕ್ಕನೇ. ಗಣಿತ ಕಲಿಸಿ ನಿವೃತ್ತರಾದ ಅವರ ಮನೆ ಸುಂಕದ ಮನೆಯ ಹಿಂದಿನ ಬೀದಿಯಲ್ಲಿ. ತಾರಸಿಯ ಕಂಬಕ್ಕೆ, ಬಲೆ ಕಿತ್ತುಹೋದ ಒಂದು ದೊಡ್ಡ ಜರಡಿ ಕಟ್ಟಿದ್ದರು. ಎದುರಿನ ಕುರ್ಚಿಯಲ್ಲಿ ಕೂತರೆ ಧ್ರುವನಕ್ಷತ್ರ ಅದರ ನಟ್ಟನಡುವೆ ಬರುತ್ತಿತ್ತು. ಸುತ್ತಲಿನವು ತಿರುಗಿದರೂ ಜರಡಿಯ ಅಂಚು ದಾಟುವುದಿಲ್ಲ. ಹಾಗಾಗಿ ಯಾವಾಗ ಎಣಿಸಿದರೂ ಹೋಲಿಕೆಗೆ ಸಲ್ಲುತ್ತದೆ. ಮೋಡವಿಲ್ಲದ ಸಂಜೆಗಳಲ್ಲಿ ಜರಡಿಯೊಳಗಿನ ನಕ್ಷತ್ರಗಳನ್ನು ಎಣಿಸಿ ಬರೆದಿಡುವುದು ಅಕ್ಕನ ಹತ್ತೊಂಬತ್ತು ವರ್ಷದ ಅಭ್ಯಾಸ. ಈಚೆಗೆ ಸಂಖ್ಯೆ ಹನ್ನೊಂದಕ್ಕೆ ಇಳಿದಿತ್ತು.

ಸುಂಕದ ಮನೆಗೆ ದೀಪ ಹಾಕಬೇಕೆಂದಾಗ ಕಚೇರಿ ಆರಿಸಿದ್ದು, ನೆಲದಿಂದ ಮೇಲಕ್ಕೆ ಬೆಳಕು ಚೆಲ್ಲುವ ದೊಡ್ಡ ದೀಪಗಳನ್ನು. ಹಾಕಿದ್ದರೆ ಅಕ್ಕನ ಜರಡಿಯಲ್ಲಿ ಧ್ರುವನೊಬ್ಬನೇ ಉಳಿಯುತ್ತಿದ್ದ. ಸೂರಿನಡಿಯಿಂದ ಕೆಳಮುಖವಾಗಿ ಸಣ್ಣ ದೀಪ ಹಾಕಿದರೂ ಕೆತ್ತನೆ ಕಾಣುತ್ತದೆ ಎಂದು ಮೇಸ್ತ್ರಿ ಎಂಜಿನಿಯರ್ ಮೇಡಂ ಎದುರು ಪಟ್ಟು ಹಿಡಿದರು.

"ಒಂದು ಸಂಜೆ ಕೊಡ್ತೀನಿ," ಎಂದರು ಮೇಡಂ. "ಕಟ್ಟಡ ಚೆನ್ನಾಗಿ ಕಾಣ್ಬೇಕು, ನಿಮ್ಮಕ್ಕನ ಎಣಿಕೆ ಒಂಬತ್ತಕ್ಕಿಂತ ಕೆಳಗೆ ಹೋಗ್ಬಾರ್ದು. ಹೋದ್ರೆ ನಾಳೆಯಿಂದ ದೊಡ್ಡ ದೀಪ. ಆಕಾಶವೇ ಉಳಿಯಲ್ಲ ಅಂದ್ಮೇಲೆ ಈ ಒದ್ದಾಟ ಯಾಕೆ? ಆಮೇಲೆ ಮುಖ ಊದಿಸ್ಕೋಬಾರ್ದು."

ಏಳೂ ಇಪ್ಪತ್ತಕ್ಕೆ ಸ್ವಿಚ್ ಒತ್ತಿದರು. ಕಂಬಗಳ ಮೇಲಿನ ಕಲ್ಲಿನ ಬಳ್ಳಿಗಳು ಎಲೆ ಎಲೆಯಾಗಿ ಎದ್ದು ಬಂದವು. ಮೇಡಂ "ಅಬ್ಬಾ!" ಎಂದರು. ಅಷ್ಟರಲ್ಲಿ ತಾರಸಿಯಿಂದ ಅಕ್ಕನ ಫೋನು.

"ಐದೇ ಕಣೋ."

"ಕನ್ನಡಕ ಹಾಕ್ಕೊಂಡಿದೀಯೇನೇ ಅಕ್ಕಾ?"

"ಮೂಗಿನ ಮೇಲೇ ಇದೆ. ನೀನು ನಿನ್ನ ಮುಚ್ಚಳ ನೋಡ್ಕೋ ಹೋಗು!"

ಹದಿನೇಳೂ ಸರಿಯಾಗಿದ್ದವು. ಮೇಸ್ತ್ರಿ ಕಕ್ಕಾಬಿಕ್ಕಿಯಾಗಿ ತಲೆ ತಗ್ಗಿಸಿದರು. ಅವರದೇ ದೀಪಗಳು ಕಾಲಡಿಯಲ್ಲಿ ಥಳಥಳಿಸುತ್ತಿದ್ದವು. ದೊಡ್ಡವರು ಬರುತ್ತಾರೆಂದು ಕಾವಲುಗಾರ ಹನ್ನೆರಡು ಬಕೆಟ್ ನೀರು ಹೊಯ್ದು ಅಂಗಳ ತೊಳೆದಿದ್ದ. ನೀರು ನಿಂತ ನುಣುಪು ಕಲ್ಲು ಕನ್ನಡಿಯಾಗಿ, ಕೆಳಗೆ ಬಿದ್ದ ಬೆಳಕನ್ನು ಮತ್ತೆ ಮೇಲಕ್ಕೇ ಕಳಿಸುತ್ತಿತ್ತು.

"ನಾನು ಒಳ್ಳೇದಾಗ್ಲಿ ಅಂತಾನೇ ಮಾಡಿದ್ದು, ಸಾರ್..."

"ಒಳ್ಳೇದೇ ಮಾಡಿದೀಯಪ್ಪ. ಈಗ ಗೋಣಿಚೀಲ ತಗೊಂಡ್ಬಾ."

ಇಬ್ಬರೂ ಬಗ್ಗಿ ಒರೆಸತೊಡಗಿದರು. ಐದು ನಿಮಿಷ ನೋಡಿದ ಮೇಡಂ ಚಪ್ಪಲಿ ಬಿಟ್ಟು ತಾವೂ ಒಂದು ಚೀಲ ಹಿಡಿದರು. "ಸೊಂಟ ಹೋಯ್ತು ಮೇಸ್ತ್ರಿ, ಇದಕ್ಕಿಂತ ದೊಡ್ಡ ದೀಪಾನೇ ವಾಸಿ," ಎಂದು ಗೊಣಗಿದರೂ ಕೈ ನಿಲ್ಲಿಸಲಿಲ್ಲ. ಕಲ್ಲು ಒಣಗಿದಾಗ ಎಂಟು ಗಂಟೆ. ಅಕ್ಕ ಮತ್ತೆ ಎಣಿಸಿ ಹೇಳಿದ ಸಂಖ್ಯೆ ಮೇಸ್ತ್ರಿಯ ಕಿವಿಗಷ್ಟೇ ಬಿತ್ತು.

"ಎಷ್ಟಂತೆ?" ಎಂದರು ಮೇಡಂ.

ಇಂದೂ ಸುಂಕದ ಮನೆಯಲ್ಲಿರುವುದು ಆ ಮುಚ್ಚಳಗಳೇ. ಉರಿಯುವ ದೀಪ ಮಾತ್ರ ಹದಿನಾರು: ಮುಂಬಾಗಿಲ ನೆತ್ತಿಯದನ್ನು ಆ ಸಂಜೆಯೇ ಮೇಡಂ ಆರಿಸಲು ಹೇಳಿದರು, ಅಕ್ಕನ ಜರಡಿಗೆ ಒಂಬತ್ತನೆಯದು ಬಂತು. ಷರತ್ತು ತಪ್ಪಿದ ಮೇಲೂ ಇನ್ನೊಂದು ಅವಕಾಶ ಯಾಕೆ ಕೊಟ್ಟಿರಿ ಎಂದು ಕಚೇರಿಯಲ್ಲಿ ಯಾರಾದರೂ ಕೇಳಿದರೆ ಮೇಡಂ ಹೇಳುವುದಿಷ್ಟು: ಮೇಸ್ತ್ರಿ ಒಂಬತ್ತು ಎಂದಿದ್ದರೆ ನಾನು ನಂಬಿ ಮನೆಗೆ ಹೋಗುತ್ತಿದ್ದೆ. ಆದರೆ ಅವರು ಒದ್ದೆ ಚೀಲ ಹಿಡಿದುಕೊಂಡೇ ಒಮ್ಮೆ ಅಕ್ಕನ ತಾರಸಿಯ ಕಡೆ ನೋಡಿ ಹೇಳಿದ್ದು:

"ಎಂಟು."