ಮಂಚ ಇಳಿಯದ ಪುಣ್ಯವಂತೆ

ನನ್ನ ಪಾಪಗಳಲ್ಲಿ ಮುಕ್ಕಾಲು ಪಾಲು ಬಾಯಿಂದಲೇ ಆಗುವುದು. ಬಾಯಿ ಮುಚ್ಚಿದರೆ ಪುಣ್ಯವಂತೆ ಆಗಬಹುದಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದನ್ನು ಮಾಡಿ ನೋಡಿದವಳು ಮಾತ್ರ ನನ್ನ ಮೊಮ್ಮಗಳು ರೀಟಾ.

ಭಾನುವಾರ ಅವಳಿಗೆ ಮೊದಲ ಪರಮಪ್ರಸಾದ. ಹಿಂದಿನ ದಿನ ಜೇವರ್ಗಿಯ ಚರ್ಚಿನಲ್ಲಿ ಫಾದರ್ ಮುಂದೆ ಮೊದಲ ಪಾಪನಿವೇದನೆ ಮುಗಿಸಿ ನಮ್ಮೂರು ಇಜೇರಿಗೆ ಬಂದವಳು, ಮಂಚ ಹತ್ತಿ ತುಟಿ ಬಿಗಿದು ಕುಳಿತಳು. ಆಟವಿಲ್ಲ, ಮಾತಿಲ್ಲ. ತೊಳೆದ ಆತ್ಮಕ್ಕೆ ಬೆಳಗಿನತನಕ ಕಲೆ ಹತ್ತಬಾರದಂತೆ.

ಹೊಟ್ಟೆಯೊಳಗೇ ನಕ್ಕೆ. ನಮ್ಮ ಎರಿಭೂಮಿಯಲ್ಲಿ ಮಳೆಗಾಲಕ್ಕೆ ಹೊಲದಲ್ಲಿ ನಡೆದರೆ ಕಾಲಿಗೆ ಸೇರುಗಟ್ಟಲೆ ಕರಿಮಣ್ಣು ಹತ್ತುತ್ತದೆ. ಹತ್ತಬಾರದೆಂದು ಮನೆಯಲ್ಲೇ ಕುಳಿತರೆ ತೊಗರಿ ಬಿತ್ತುವವರು ಯಾರು?

ಅಷ್ಟರಲ್ಲಿ ಅಕಾಲದ ಮೋಡ ಕವಿಯಿತು. ಪಕ್ಕದ ಮನೆಯ ಜುಬೇದಾ ಮಾಳಿಗೆಯ ಮೇಲೆ ತೊಗರಿಬೇಳೆ ಹರವಿದ್ದಳು. ಕೈ ಹಚ್ಚಲು ರೀಟಾಳನ್ನು ಕೂಗಿದಳು. ನನ್ನ ಮೊಣಕಾಲಿಗೆ ಏಣಿ ಆಗದು. ಹುಡುಗಿ ಕದಲಲಿಲ್ಲ. ಜುಬೇದಾಳ ಮಗಳ ಜೊತೆ ಇವಳಿಗೆ ದಿನಾ ಜಗಳ. ಹೋದರೆ ಜಗಳವಾಗಿ ಪಾಪ ಆದೀತೆಂಬ ಭಯ. ಅರ್ಧ ಬೇಳೆ ನೆನೆಯಿತು.

ನನಗೆ ಮೆತ್ತಗೆ ಹೇಳಲು ಬರುವುದಿಲ್ಲ. "ಮಾಡಬಾರದ್ದು ಮಾಡೂದಷ್ಟ ಅಲ್ಲ ಬೇ, ಮಾಡಬೇಕಾದ್ದು ಬಿಡೂದೂ ಪಾಪನ" ಎಂದೆ.

ಅಳಲು ಶುರುಮಾಡಿದಳು. "ಹಂಗಾದ್ರ ನಾಳಿ ನಾ ಪ್ರಸಾದ ತಗೊಳ್ಳಂಗಿಲ್ಲ ಆಯಿ. ಪಾಪ ಇಲ್ದ ಇರಾಕ ಯಾರಿಗೂ ಆಗಂಗಿಲ್ಲೇನು?"

ಹೊಸ ಬಿಳಿ ಫ್ರಾಕು ಗೂಟದಲ್ಲಿ ತೂಗುತ್ತಿತ್ತು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಚರ್ಚಿನಲ್ಲಿ ಫಾದರ್ ಮಾಡುವ ಪ್ರಸಂಗದಲ್ಲಿ ಕೇಳಿದ್ದಷ್ಟೇ ಗೊತ್ತು. ಯೇಸುಸ್ವಾಮಿಯ ಮಾತು ಬೇರೆ, ಅವನು ದೇವರೇ. ಜನ್ಮವಿಡೀ ಪಾಪವಿಲ್ಲದೆ ಬದುಕಿದವಳು ಮಾತೆ ಮರಿಯಮ್ಮ. ಅದು ದೇವರು ಅವಳಿಗೆ ಕೊಟ್ಟ ವಿಶೇಷ ವರ. ಉಳಿದವರು ಅವನ ಕೃಪೆ ಹಿಡಿದು ದೊಡ್ಡ ಪಾಪಗಳಿಂದ ದೂರ ಇರಬಹುದು. ಸಣ್ಣವು ಹತ್ತುತ್ತವೆ, ತೊಳೆದುಕೊಳ್ಳುತ್ತೇವೆ.

"ಸಣ್ಣ ಪಾಪಕ್ಕ ದೇವರು ಬಾಗಿಲ ಹಾಕಂಗಿಲ್ಲ. ಚರ್ಚಿನ್ಯಾಗ ಬಲಿಪೂಜಿ ಶುರುವಾದಾಗ ಫಾದರ್ ಸುದ್ದಾ ನಾ ಪಾಪ ಮಾಡೀನಿ ಅಂತ ಎದಿ ಬಡಕೊಂತಾರ, ನಾಳಿ ನೋಡು. ಈಗ ಏಳು, ಜುಬೇದಾನ ಮನಿಗಿ ಹೋಗು."

ಹೋದಳು. ತಪ್ಪಾಯಿತೆಂದು ಹೇಳಿ, ಪಡಸಾಲೆಯಲ್ಲಿ ಬೇಳೆ ಹರವಿ, ಮೊರಕ್ಕಾಗಿ ಆ ಹುಡುಗಿಯ ಜೊತೆ ಜಗಳವನ್ನೂ ಆಡಿ, ನಗುತ್ತಾ ಬಂದಳು.

ಭಾನುವಾರ ಫಾದರ್ ಎದೆ ಬಡಿದುಕೊಂಡಾಗ ರೀಟಾ ಕಣ್ಣರಳಿಸಿ ನನ್ನತ್ತ ತಿರುಗಿದಳು. ಆಮೇಲೆ ಪ್ರಸಾದದ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಳು.

ಬಲಿಪೂಜೆ ಮುಗಿಸಿ ಪಾಪವಿಲ್ಲದೆ ಬಸ್ ಸ್ಟ್ಯಾಂಡಿನತನಕ ನಾನೂ ಬಂದದ್ದುಂಟು. ಸೀಟು ಹಿಡಿಯುವಾಗ ಬಾಯಿ ಕೆಡುತ್ತದೆ. ಅಂದು ಹುಡುಗಿ ಕಿಟಕಿಯ ಸೀಟನ್ನು ಯಾರದೋ ಮಗುವಿಗೆ ಬಿಟ್ಟು, ಇಜೇರಿತನಕ ನಿಂತೇ ಬಂದಳು. ನನಗಿಂತ ಇಷ್ಟು ಮುಂದೆ ಬಂದವಳು ಇನ್ನೂ ದೂರ ಹೋದಾಳು.