ಮುದ್ದೆ ಕೆದಕಿದ ನಿಲ್ದಾಣ

ಗಣಿಯ ದಾರಿಯಲ್ಲಿದ್ದ ನಮ್ಮ ಪುಟ್ಟ ರೈಲು ನಿಲ್ದಾಣವನ್ನು ಮುಚ್ಚಿದಾಗ ಊರವರು ಮರುಗಿದರು. ನನಗೆ ಮರುಕ ಬರಲಿಲ್ಲ.

ಬಂಗಾರಪೇಟೆಗೆ ಹೋಗುವವರು ಚಿನ್ನದ ಅದಿರು ಬಚ್ಚಿಟ್ಟಿದ್ದಾರೇನೋ ಎಂದು ಗಣಿಯ ಕಾವಲುಗಾರ ಅಲ್ಲಿ ಎಲ್ಲರ ಗಂಟುಗಳನ್ನೂ ತಡಕುತ್ತಿದ್ದ. ಕಾಲೇಜಿನ ರಜೆಯ ಒಂದು ಮಧ್ಯಾಹ್ನ ನಾನು ಚಿಕ್ಕಮ್ಮನ ಜೊತೆ ಹೊರಟಿದ್ದೆ. ಬಂಗಾರಪೇಟೆಯ ಆಸ್ಪತ್ರೆಯಲ್ಲಿದ್ದ ಚಿಕ್ಕಪ್ಪ ಜ್ವರ ಬಿಟ್ಟ ಮೇಲೆ ಮೊದಲ ಸಲ ಮುದ್ದೆ ಬೇಕೆಂದಿದ್ದರು. ಅವರಿವರ ಚಪ್ಪಲಿ, ಹಾಸಿಗೆ ಸುರುಳಿ ಕೆದಕಿದ ಕಂಬಿಯನ್ನೇ ಕಾವಲುಗಾರ ಚಿಕ್ಕಮ್ಮ ಕಟ್ಟಿಕೊಂಡು ತಂದಿದ್ದ ಮುದ್ದೆಗೆ ಚುಚ್ಚಿ ತಿರುವಿದ.

“ರಾಗಿ ಕಣಣ್ಣಾ, ಅದ್ರಾಗೇನೈತೆ?” ಎಂದಳು ಚಿಕ್ಕಮ್ಮ.

“ಬಂಗಾರ ಇದ್ರೆ?”

“ಇದ್ದಿದ್ರೆ ನಿನ್ನೇ ನಮ್ಮನೆ ಕಾವಲಿಗೆ ಇಕ್ಕಂತಿದ್ದೆ!”

ಜನ ನಕ್ಕರು. ನಾನೂ ನಕ್ಕೆನೆಂದು ನೆನಪು, ಆದರೆ ಆ ನಗುವನ್ನು ಆಮೇಲೆ ಸೇರಿಸಿಕೊಂಡೆನೋ ಏನೋ. ನಾನು ಕೋಟು ತೊಟ್ಟಿದ್ದರಿಂದ ನನ್ನ ಚೀಲವನ್ನು ಅವನು ಮುಟ್ಟಲಿಲ್ಲ, ನಾನು ಅವನನ್ನು ತಡೆಯಲಿಲ್ಲ. ಇದು ಮಾತ್ರ ಖಚಿತ, ಏಕೆಂದರೆ ಅಂದಿನ ದಿನಚರಿಯಲ್ಲಿ ಆ ವಿಷಯವನ್ನೇ ಬರೆದಿಲ್ಲ; ತಡೆದಿದ್ದರೆ ಬರೆಯದೆ ಬಿಡುತ್ತಿರಲಿಲ್ಲ.

ರೈಲಿನಲ್ಲಿ ಚಿಕ್ಕಮ್ಮ ಕಂಬಿ ತಾಗಿದ ಭಾಗವನ್ನು ಚಿವುಟಿ ಚಿವುಟಿ ಕಿಟಕಿಯಾಚೆ ಎಸೆದಳು. ಒಳಗೂ ಮಣ್ಣು, ಜಿಡ್ಡು. ಬಂಗಾರಪೇಟೆ ಬರುವಷ್ಟರಲ್ಲಿ ಉಳಿದದ್ದು ನಿಂಬೆಹಣ್ಣಿನಷ್ಟು.

“ಇಷ್ಟೇನಾ?” ಎಂದರು ಚಿಕ್ಕಪ್ಪ.

“ದಾರೀಲಿ ಅಸಿವಾಗ್ಬುಡ್ತು, ನಾನೇ ತಿಂದ್ಬುಟ್ಟೆ” ಎಂದಳು ಚಿಕ್ಕಮ್ಮ.

ಅವರು ಅವಳನ್ನು ಅಸಹ್ಯದಿಂದ ನೋಡಿದರು. ಆಗಲೂ ನಾನು ಬಾಯಿ ಬಿಡಲಿಲ್ಲ.