ಬೆರಳ ನಡುವಿನ ಸಿಮೆಂಟು ಉಂಡೆ

ಅವರ ಬಲಗೈ ಹೆಬ್ಬೆರಳು ತೋರುಬೆರಳಿನ ಮೇಲೆ ಸದಾ ಉರುಳುತ್ತಿತ್ತು, ಕಾಣದ ಕಡಲೆಕಾಳೊಂದನ್ನು ಹೊಸೆಯುವ ಹಾಗೆ. ಚಿಂತಾಮಣಿಯಲ್ಲಿ ನಮ್ಮ ಎದುರುಮನೆಯವರು, ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸು. ಬೀದಿಗೆಲ್ಲ ಸಿಸ್ಟರಮ್ಮ.

ಆ ಬೆರಳಾಟ ಕೆಲಸದಿಂದ ಅಂಟಿದ್ದು. ಸವೆದ ಕೀಲು ತೆಗೆದು ಹೊಸದು ಕೂರಿಸುವಾಗ ಮೂಳೆಗೆ ಒಂದು ಬಗೆಯ ಸಿಮೆಂಟು ಹಾಕುತ್ತಾರೆ. ಗುಳ್ಳೆ ಏಳದ ಹಾಗೆ ಅದನ್ನು ಕಲೆಸುವವರು ಇವರು. ಕಲೆಸಿದ್ದರಲ್ಲಿ ಒಂದು ಚೂರನ್ನು ತಮ್ಮ ಬೆರಳ ನಡುವೆ ಹೊಸೆಯುತ್ತಿರುತ್ತಿದ್ದರು. ಅದು ಬಿಸಿಯಾಗಿ ಕಲ್ಲಾದರೆ ಒಳಗಿನದೂ ಕಲ್ಲಾಯಿತು ಅಂತ. ನಾವು ಬೆಲ್ಲದ ಪಾಕ ನೋಡುವುದಿಲ್ಲವೇ, ಹಾಗೆ. ಆದರೆ ಮನೆಯಲ್ಲಿ ಪಾಕ ಮಾತ್ರ ಅವರಿಗೆ ಒಂದು ಸಲವೂ ಹದಕ್ಕೆ ಬರಲಿಲ್ಲ. ಅವರ ಎಳ್ಳುಂಡೆ ಒಡೆಯಲು ಗುಂಡುಕಲ್ಲೇ ಬೇಕು.

"ಈ ಪಾಕಾನೇ ಕೀಲಿಗೆ ಹಾಕಿ ಸಿಸ್ಟರಮ್ಮ," ಎಂದು ನಮ್ಮ ಯಜಮಾನರು ಛೇಡಿಸುತ್ತಿದ್ದರು.

"ಬನ್ನಿ, ಮೊದಲು ನಿಮಗೇ ಹಾಕ್ತೀನಿ."

ಸರದಿ ಬಂದದ್ದು ನನಗೆ. ಬಲಭುಜದ ಕೀಲು ಸವೆದು ಕೈ ಎದೆಯಿಂದ ಮೇಲೆ ಏಳದಾಯಿತು. ಜಡೆ ಹಾಕಿಕೊಳ್ಳುವುದು ಹೋಗಲಿ, ನಮ್ಮ ದೇವರ ಗೂಡು ನನ್ನ ತಲೆಗಿಂತ ಎತ್ತರ. ವರ್ಷವಿಡೀ ಎಡಗೈಯಲ್ಲೇ ಹೂವು ಏರಿಸಿ, ತಪ್ಪಾಯ್ತು ತಾಯಿ ಅನ್ನುತ್ತಿದ್ದೆ.

"ಸಿಮೆಂಟು ಬಿಟ್ಟುಕೊಂಡ್ರೆ ಮತ್ತೆ ಕೊಯ್ಯಬೇಕಂತಲ್ಲ ಸಿಸ್ಟರಮ್ಮ?"

"ಆತುರ ಪಟ್ರೆ ಬಿಡುತ್ತೆ ಕಣ್ರೀ. ನಿದಾನಂಗಾ, ನಿದಾನಂಗಾ." ಧೈರ್ಯ ಹೇಳುವಾಗ ಅವರಿಗೆ ತೆಲುಗೇ ಬರುತ್ತಿದ್ದದ್ದು.

ಅವರ ಆಸ್ಪತ್ರೆಯಲ್ಲೇ ಆಪರೇಷನ್ ಆದ ದಿನ ನನಗೆ ಪ್ರಜ್ಞೆ ಇರಲಿಲ್ಲ. ನಡೆದದ್ದನ್ನು ಡಾಕ್ಟರೇ ಆಮೇಲೆ ನಗುತ್ತಾ ಹೇಳಿದರು. ಮೂಳೆ ತೊಳೆದು ಒರೆಸಿದ ಮೇಲೂ ರಕ್ತ ಜಿನುಗಿತಂತೆ. "ಒದ್ದೆ ಹಣೆಗೆ ಸ್ಟಿಕರ್ ಬೊಟ್ಟು ಅಂಟುತ್ತಾ ಸಾರ್? ಇನ್ನೊಂದು ಸಲ ಒಣಗಿಸಿ," ಅಂದರಂತೆ ಇವರು. ಸಿಮೆಂಟು ತುಂಬಿ, ಹೊಸ ಕೀಲಿನ ಬಟ್ಟಲು ಕೂರಿಸಿ ಒತ್ತಿ ಹಿಡಿದ ಡಾಕ್ಟರು ಗಡಿಯಾರ ನೋಡಿದರು. ಹೊರಗೆ ಇನ್ನೊಬ್ಬ ರೋಗಿ ಕಾಯುತ್ತಿದ್ದರು.

"ಟೈಮಾಯ್ತು ಸಿಸ್ಟರ್. ಬಿಡ್ಲಾ?"

"ಗಡಿಯಾರಕ್ಕೆ ಆಗಿದೆ ಸಾರ್, ನನ್ನ ಬೆರಳಿಗಿನ್ನೂ ಆಗಿಲ್ಲ. ಇವತ್ತು ಏಸಿ ಥಂಡಿ ಜಾಸ್ತಿ. ಅಲ್ಲಾಡಿಸಬೇಡಿ."

ಉಂಡೆಯನ್ನು ಸ್ಟೀಲ್ ಟ್ರೇಗೆ ಟಕ್ಕೆಂದು ಕುಟ್ಟಿ ತೋರಿಸಿದ ಮೇಲೆಯೇ ಡಾಕ್ಟರು ಕೈ ತೆಗೆದದ್ದು.

ಮನೆಗೆ ಬರುವ ದಿನ ಸಿಸ್ಟರಮ್ಮ ಆ ಉಂಡೆಯನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟರು. "ನಿಮ್ಮ ಭುಜದೊಳಗಿರೋದು ಇದರ ಅಕ್ಕ ಕಣ್ರೀ."

ಮೂರು ತಿಂಗಳಿಗೆ ಬಲಗೈಯಲ್ಲಿ ಹೂವು ಏರಿಸಿದೆ. ಭಗವಂತ ದೊಡ್ಡ ವರ ಕೊಡದಿದ್ದರೂ ಇಂಥವನ್ನು ಕೊಡುತ್ತಾನೆ.

ಹೋದ ವರ್ಷ ಸಿಸ್ಟರಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈಯ ಆ ಬೆರಳುಗಳು ನಿಂತುಹೋದವು. ಬೆಳಿಗ್ಗೆ ಹೋಗಿ ಅವರಿಗೆ ಜಡೆ ಹಾಕಿಬರುತ್ತಿದ್ದೆ. ಹಾಕಿ ಮುಗಿಯುತ್ತಲೂ ಎಡಗೈಯಿಂದ ನನ್ನ ಭುಜ ಒತ್ತಿ, "ಎತ್ತಿ, ನೋಡಣ," ಅನ್ನುವರು. ಎತ್ತುತ್ತಿದ್ದೆ. "ಸಿಮೆಂಟು ಗಟ್ಟಿಯಾಗಿ ಹಿಡ್ಕೊಂಡಿದೆ," ಅಂದು ಕಣ್ಣು ಮುಚ್ಚುವರು. ತಮ್ಮ ನೋವಿನ ಮಾತನ್ನು ಒಮ್ಮೆಯೂ ಆಡಲಿಲ್ಲ. ಕಾರ್ತಿಕ ಕಳೆಯುವುದರೊಳಗೆ ಹೊರಟುಹೋದರು.

ಉಂಡೆ ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲ ಹಿಂದಿದೆ. ದಿನವೂ ಒಮ್ಮೆ ಮುಟ್ಟುತ್ತೇನೆ. ಮುಟ್ಟಬೇಕಾದರೆ ಬಲಗೈ ಪೂರ್ತಿ ಮೇಲೆತ್ತಬೇಕು.